ನಾವು ಹಾಸಿಗೆ ಕೊಂಡ ಪ್ರಸಂಗ

ಮೂರು ತಿಂಗಳಿಂದ ಇಲ್ಲಿ ಏನನ್ನೂ ಬರೆಯಲಾಗಲಿಲ್ಲ. ಆರೋಗ್ಯ ವಿಚಾರಿಸಿ ಫೋನ್ ಮಾಡಿದವರಿಗೆಲ್ಲ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಇಲ್ಲಿಯೇ ತಿಳಿಸಿಬಿಡುತ್ತೇನೆ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿಲ್ಲದೆ ಇದ್ದದ್ದು ಇವರ ಸೊಂಟ. ಅದರ ದೆಸೆಯಿಂದ ನಮ್ಮ ಮನೆಗೆ ಒಂದು ಹೊಸ ಹಾಸಿಗೆ ಬರಬೇಕಾಯಿತು. ಒಂದು ಹಾಸಿಗೆ ಕೊಳ್ಳಲು ಮೂರು ತಿಂಗಳು ಬೇಕೇ ಎಂದು ನಗಬೇಡಿ. ನನಗೆ ಗಂಡು ನೋಡುವ ಕೆಲಸ ಇದಕ್ಕಿಂತ ಬೇಗ ಮುಗಿದಿತ್ತು.

ನಲವತ್ತು ವರ್ಷಗಳಿಂದ ನಾವು ಮಲಗುತ್ತಿದ್ದದ್ದು 1985ರಲ್ಲಿ ನನ್ನ ಮದುವೆಗೆಂದು ಅಮ್ಮ ಮಾಡಿಸಿಕೊಟ್ಟ ಹತ್ತಿಯ ಹಾಸಿಗೆಯ ಮೇಲೆ. ಚಳ್ಳಕೆರೆಯ ಕಡೆಯ ನಮ್ಮ ಊರಿಗೆ ಆಗ ಪಿಂಜಾರರು ಬಿಲ್ಲು ಹೊತ್ತು ಬರುತ್ತಿದ್ದರು. ಆಳೆತ್ತರದ ಬಿಲ್ಲನ್ನು ಪಡಸಾಲೆಯ ತೊಲೆಗೆ ತೂಗುಬಿಟ್ಟು, ಅದರ ನರದ ಹೆದೆಯನ್ನು ಮರದ ಕೊಡತಿಯಂಥ ಒಂದು ಸಾಧನದಿಂದ ಮೀಟಿದರೆ ಇಡೀ ಬೀದಿಗೆ ಝೇಂಕಾರ ಕೇಳುತ್ತಿತ್ತು. ಗಂಟುಗಂಟಾದ ಹತ್ತಿ ಹೆದೆಗೆ ಸಿಕ್ಕಿ ಮೋಡದಂತೆ ಬಿಚ್ಚಿಕೊಳ್ಳುವುದನ್ನು ನೋಡಲು ಮಕ್ಕಳೆಲ್ಲ ಬಾಗಿಲಲ್ಲಿ ಸೇರುತ್ತಿದ್ದೆವು. ಅಮ್ಮ ಹತ್ತಿಯನ್ನು ತಾನೇ ಆರಿಸಿ, ಬೀಜ ಉಳಿದಿದೆಯೇ ಎಂದು ಮುಷ್ಟಿ ಮುಷ್ಟಿ ಹಿಸುಕಿ ನೋಡಿ, ಹನ್ನೆರಡು ಕಿಲೋ ತೂಗಿಸಿ, ನೀಲಿ ಪಟ್ಟೆಯ ದಪ್ಪ ಬಟ್ಟೆಯ ಗವಸಿಗೆ ತುಂಬಿಸಿದಳು. ಒಳಗೆ ಏನಿದೆಯೆಂದು ಮನೆಯವರಿಗೆಲ್ಲ ಗೊತ್ತಿದ್ದ ಹಾಸಿಗೆ ಅದು. ಈ ಮಾತನ್ನು ಏಕೆ ಹೇಳುತ್ತಿದ್ದೇನೆಂಬುದು ಮುಂದೆ ತಿಳಿಯುತ್ತದೆ.

ಹತ್ತಿಯ ಹಾಸಿಗೆಗೆ ಒಂದು ಸ್ವಭಾವವಿದೆ. ಮಲಗುವವರ ಭಾರಕ್ಕೆ ಅದು ಅಲ್ಲಲ್ಲೇ ಕುಸಿದು ಗಂಟುಕಟ್ಟುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಬಿಚ್ಚಿ ಹಿಂಜಿಸಿ ಮತ್ತೆ ತುಂಬಿಸಬೇಕು. ನಾನು ಸುಳ್ಯ ತಾಲೂಕಿನ ಪ್ರೌಢಶಾಲೆಯೊಂದರಲ್ಲಿದ್ದ ಹದಿನೇಳು ವರ್ಷಗಳಲ್ಲಿ ಅದನ್ನು ಎರಡು ಬಾರಿ ಮಾತ್ರ ಹಿಂಜಿಸಿದ್ದೆ. ಅಲ್ಲಿಯ ಮಳೆಗಾಲವನ್ನು ಬಲ್ಲವರಿಗೆ ಗೊತ್ತು, ಜೂನ್ ಕಳೆದು ಜುಲೈ ಬರುವಷ್ಟರಲ್ಲಿ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ಹಾಸಿಗೆ ಒದ್ದೆ ನಾಯಿಮರಿಯಂತೆ ವಾಸನೆ ಹೊಡೆಯುತ್ತಿತ್ತು. ಆಕಾಶ ಒಂದು ಗಳಿಗೆ ಬಿಳುಪಾದರೆ ಸಾಕು, ಇವರೂ ನಾನೂ ಎರಡು ತುದಿ ಹಿಡಿದು ಅದನ್ನು ಅಂಗಳಕ್ಕೆ ಸಾಗಿಸುತ್ತಿದ್ದೆವು. ಇವರ ಸೊಂಟ ಕೆಟ್ಟದ್ದು ಆಗಲೇ ಎಂದು ಇವರ ವಾದ. ಅಲ್ಲ, ನಿವೃತ್ತಿಯ ನಂತರ ಕುರ್ಚಿ ಬಿಡದೆ ಕ್ರಿಕೆಟ್ ನೋಡಿದ್ದರಿಂದ ಎಂದು ನನ್ನ ವಾದ.

ಕಳೆದ ವರ್ಷ ನೋವು ಹೆಚ್ಚಾಯಿತು. ಇರುಳು ಮಗ್ಗುಲು ಬದಲಿಸುವಾಗ ಇವರು ಹಲ್ಲು ಕಚ್ಚುವ ಸದ್ದು ನನಗೆ ಕೇಳುತ್ತಿತ್ತು. ಬಂದವರೆಲ್ಲ ಒಂದೇ ಔಷಧ ಹೇಳಿದರು: ಗಟ್ಟಿ ಹಲಗೆಯ ಮೇಲೆ ಮಲಗಬೇಕು. ನನ್ನ ಭಾವನವರಂತೂ ನೆಲವೇ ಮೇಲು ಎಂದರು. ಇವರು ಎರಡು ತಿಂಗಳು ನೆಲಕ್ಕೆ ಚಾಪೆ ಹಾಸಿ ಮಲಗಿದರು. ಬೆಳಿಗ್ಗೆ ಏಳಲು ಮಂಚದ ಕಾಲು ಹಿಡಿದು, ಆಮೇಲೆ ನನ್ನ ಕೈ ಹಿಡಿದು, ಆಮೇಲೆ ದೇವರ ಹೆಸರು ಹಿಡಿದು ಏಳಬೇಕಿತ್ತು. ಒಂದು ಬೆಳಿಗ್ಗೆ ಏಳಲಾಗದೆ ಕುಳಿತೇ ಅತ್ತುಬಿಟ್ಟರು. ಮದುವೆಯಾದ ಮೇಲೆ ನಾನು ಅವರ ಕಣ್ಣೀರು ನೋಡಿದ್ದು ಅದು ಎರಡನೆಯ ಸಲ.

ಮೂಳೆಯ ವೈದ್ಯರು ನಮ್ಮ ನೆಲದ ಪ್ರಯೋಗವನ್ನು ಕೇಳಿ ತಲೆಯಾಡಿಸಿದರು. ತೀರ ಗಟ್ಟಿಯೂ ಬೇಡ, ತೀರ ಮೆತ್ತಗೂ ಬೇಡ ಎಂದರು. ನಾನು ವಿಜ್ಞಾನದ ಮೇಷ್ಟರಗಿರಿ ಮಾಡಿದವಳಲ್ಲವೇ, ಆಧಾರ ಹುಡುಕದೆ ಒಪ್ಪುವ ಪ್ರಾಣಿಯಲ್ಲ. ಹುಡುಕಿದೆ. 2003ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನ್ ದೇಶದ ಒಂದು ಪ್ರಯೋಗ ಪ್ರಕಟವಾಗಿದೆ. ಬಹುಕಾಲದ ಬೆನ್ನುನೋವಿನ 313 ಮಂದಿಯಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಕೆಲವರಿಗೆ ಮಧ್ಯಮ ಗಟ್ಟಿಯ ಹಾಸಿಗೆ ಕೊಟ್ಟು 90 ದಿನಗಳ ನಂತರ ವಿಚಾರಿಸಿದರಂತೆ. ಮಧ್ಯಮದವರೇ ಹೆಚ್ಚು ಸುಖವಾಗಿದ್ದರು. ಹೆಗಲೂ ಪಿರ್ರೆಯೂ ಒಂದಿಷ್ಟು ಒಳಗೆ ಇಳಿಯಬೇಕು, ಸೊಂಟದ ಸಂದಿಗೆ ಕೆಳಗಿನಿಂದ ಆಸರೆ ಸಿಗಬೇಕು. ಹಲಗೆಯ ಮೇಲೆ ಮಲಗಿದರೆ ಸೊಂಟ ಸೇತುವೆಯ ಹಾಗೆ ಗಾಳಿಯಲ್ಲಿ ನಿಲ್ಲುತ್ತದೆ. ಭಾವನವರಿಗೆ ಈ ವಿಷಯ ಓದಿ ಹೇಳಿದೆ. ಸ್ಪೇನಿನವರ ಬೆನ್ನು ಬೇರೆ, ನಮ್ಮ ಬೆನ್ನು ಬೇರೆ ಎಂದರು.

ಇನ್ನು ಯಾವ ಹಾಸಿಗೆ? ಬೆಂಗಳೂರಿನಲ್ಲಿರುವ ಮಗಳು, "ಅಮ್ಮಾ, ನ್ಯಾಚುರಲ್ ಲೇಟೆಕ್ಸ್ ತಗೋ. ಆನ್‌ಲೈನಲ್ಲಿ ತರಿಸಿದರೆ ನೂರು ರಾತ್ರಿ ಮಲಗಿ ನೋಡಿ ಬೇಡ ಅಂದ್ರೆ ವಾಪಸ್ ಕೊಡಬಹುದು" ಎಂದಳು. "ನೂರು ರಾತ್ರಿ ಮಲಗಿದ ಹಾಸಿಗೆಯನ್ನು ಆಮೇಲೆ ಯಾರ ಮನೆಗೆ ಕಳಿಸುತ್ತಾರೆ?" ಎಂದು ಇವರು ಕೇಳಿದ ಪ್ರಶ್ನೆಗೆ ಅವಳಲ್ಲಿ ಉತ್ತರವಿರಲಿಲ್ಲ. ಅಂಗಡಿಗೇ ಹೋಗುವುದೆಂದು ತೀರ್ಮಾನವಾಯಿತು.

ಮೈಸೂರಿನ ಅಂಗಡಿಗಳನ್ನು ಸುತ್ತಿದಾಗ ನನಗೆ ತಿಳಿದದ್ದೆಂದರೆ, ಹಾಸಿಗೆ ಮಾರುವವರ ಭಾಷೆಯಲ್ಲಿ 'ಆರ್ಥೋ' ಎನ್ನುವುದು ವಿಶೇಷಣ, 'ನ್ಯಾಚುರಲ್' ಎನ್ನುವುದು ಅವ್ಯಯ. ಎಲ್ಲಿ ಬೇಕಾದರೂ ಸೇರುತ್ತದೆ. ನಾರಿನ ಹಾಸಿಗೆ, ಸ್ಪ್ರಿಂಗ್ ಹಾಸಿಗೆ, ಒತ್ತಿದರೆ ಕೈಯಚ್ಚು ಉಳಿಸಿಕೊಳ್ಳುವ ಮೆಮೊರಿ ಫೋಮ್, ಎಲ್ಲದರ ಮೇಲೂ ಮಲಗಿ ನೋಡಿ ಎಂದರು. ಅರವತ್ತು ದಾಟಿದ ಹೆಂಗಸು ಸೀರೆಯುಟ್ಟು ನಾಲ್ಕು ಜನರ ಎದುರು ಹಾಸಿಗೆಯ ಮೇಲೆ ಅಡ್ಡಾಗುವುದು ಸುಲಭವಲ್ಲ. ಮನಸ್ಸು ಗಟ್ಟಿ ಮಾಡಿ ಮಗ್ಗುಲಾಗಿ ಮಲಗಿ ಕಣ್ಣು ಮುಚ್ಚಿದ್ದೆ, ತಲೆಯ ಬಳಿ "ನಮಸ್ಕಾರ ಮೇಡಂ, 2009ರ ಬ್ಯಾಚು" ಎಂದು ಯಾರೋ ಅಂದರು. ಹೆಂಡತಿ ಮಕ್ಕಳೊಡನೆ ಬಂದಿದ್ದ. ಮಲಗಿದ್ದಲ್ಲಿಂದಲೇ ಆಶೀರ್ವಾದ ಮಾಡಿದೆ. ಅವನೂ ಇದನ್ನು ಓದುತ್ತಾನೆ, ಓದಿ ನಗಲಿ.

ಕೊನೆಗೆ ಒಂದು ಅಂಗಡಿಯಲ್ಲಿ ದೊಡ್ಡಕ್ಷರದಲ್ಲಿ 'ನ್ಯಾಚುರಲ್ ಲೇಟೆಕ್ಸ್' ಎಂದು ಹೊಲಿದಿದ್ದ ಹಾಸಿಗೆ ಇಬ್ಬರಿಗೂ ಒಪ್ಪಿಗೆಯಾಯಿತು. 78 ಇಂಚು ಉದ್ದ, 60 ಇಂಚು ಅಗಲ, 6 ಇಂಚು ದಪ್ಪ. ಬೆಲೆ ಮೂವತ್ನಾಲ್ಕು ಸಾವಿರ. ಪಿಂಚಣಿಯ ಮನೆಗೆ ಅದು ಸಣ್ಣ ಮೊತ್ತವಲ್ಲ. ಐದು ಸಾವಿರ ಮುಂಗಡ ಕೊಟ್ಟು ಬಂದೆವು.

ಅದೇ ಸಂಜೆ ಸುಳ್ಯದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. 1997ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಹೆಸರು ಹಾಕಬೇಡಿ ಟೀಚರ್ ಎಂದಿದ್ದಾನೆ. ಆ ತಂಡದವರಿಗೆ ಹೇಗೂ ತಿಳಿಯುತ್ತದೆ. ಕೇರಳದಲ್ಲಿ ಒಂದು ಲೇಟೆಕ್ಸ್ ಕಾರ್ಖಾನೆಯ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿದ್ದಾನೆ. ಹಬ್ಬಕ್ಕೊಮ್ಮೆ ಫೋನ್ ಮಾಡುವುದು ಅವನ ಪದ್ಧತಿ. ಹಾಸಿಗೆಯ ಸುದ್ದಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಟೀಚರ್, ಅದರ ತೂಕ ಎಷ್ಟುಂಟು ಅಂತ ಕೇಳಿದ್ದೀರಾ?" ಎಂದ.

ಕೇಳಿರಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಾಂದ್ರತೆಯೆಂದರೆ ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದ್ದು ಎಂದು ಬೋರ್ಡಿನ ಮೇಲೆ ಬರೆದವಳು ಕೇಳಿರಲಿಲ್ಲ. ಅವನು ಫೋನಿನಲ್ಲೇ ಲೆಕ್ಕ ಮಾಡಿಸಿದ. ನಮ್ಮ ಹಾಸಿಗೆಯ ಗಾತ್ರ 0.46 ಘನ ಮೀಟರು. ಒಳ್ಳೆಯ ಲೇಟೆಕ್ಸ್ ಘನ ಮೀಟರಿಗೆ 80 ಕಿಲೋ ಆಸುಪಾಸು ತೂಗುತ್ತದೆ. ಅಂದರೆ ಹಾಸಿಗೆ ಸುಮಾರು 37 ಕಿಲೋ ಇರಬೇಕು. ಸಾಮಾನ್ಯ ಫೋಮ್ ಘನ ಮೀಟರಿಗೆ 32 ಕಿಲೋ ಎಂದು ಹಿಡಿದರೂ ಅಷ್ಟೇ ಗಾತ್ರಕ್ಕೆ 15 ಕಿಲೋ ದಾಟುವುದಿಲ್ಲ. "ಆದರೆ ಟೀಚರ್, ಭಾರ ಇದ್ದ ಮಾತ್ರಕ್ಕೆ ನಂಬಬೇಡಿ. ಚೂರು ಫೋಮನ್ನು ಒತ್ತಿ ಅಂಟಿಸಿದ ರೀಬಾಂಡೆಡ್ ಅಂತ ಒಂದುಂಟು, ಅದೂ ಭಾರವೇ. ಅದರ ಮೇಲೆ ಒಂದಿಂಚು ಲೇಟೆಕ್ಸ್ ಹಾಸಿದರೂ ಹೆಸರು ಲೇಟೆಕ್ಸ್ ಹಾಸಿಗೆಯೇ. ಜಿಪ್ ತೆಗೆಸಿ ನೋಡಿ. ಜಿಪ್ ಇಲ್ಲ ಅಂದ್ರೆ ತಗೊಳ್ಳಲೇಬೇಡಿ" ಎಂದ.

ಮರುದಿನ ಹೋಗಿ ಜಿಪ್ ತೆಗೆಯಿರಿ ಎಂದೆ. ಅಂಗಡಿಯ ಯಜಮಾನರಿಗೆ ಅದು ಹಿಡಿಸಲಿಲ್ಲ. ತೆಗೆದರೆ ವಾರಂಟಿ ಹೋಗುತ್ತದೆ ಎಂದರು. ವಾರಂಟಿ ನನ್ನದು ತಾನೆ, ಹೋಗಲಿ ಎಂದೆ. ಒಳಗೆ ಮೇಲ್ಪದರದಲ್ಲಿ ಬೆಣ್ಣೆಯ ಬಣ್ಣದ ಒಂದಿಂಚು ಲೇಟೆಕ್ಸ್ ಇತ್ತು, ನಿಜ. ಅದರ ಕೆಳಗೆ ನೀಲಿ, ಕೆಂಪು, ಹಳದಿ ಚೂರುಗಳ ರಂಗೋಲಿ. ನಾನು ಅವರ ಮುಖ ನೋಡಿದೆ. "ಮೇಡಂ, ಲೇಟೆಕ್ಸ್ ಇದೆ ಅಂದ್ವಿ. ಪೂರ್ತಿ ಲೇಟೆಕ್ಸ್ ಅಂದ್ವಾ?" ಎಂದರು. ವ್ಯಾಕರಣದ ದೃಷ್ಟಿಯಿಂದ ಅವರ ಮಾತು ಸರಿಯಾಗಿಯೇ ಇತ್ತು. ಮುಂಗಡದಲ್ಲಿ ಮೂರು ಸಾವಿರ ವಾಪಸು ಬಂತು, ಉಳಿದದ್ದಕ್ಕೆ ಎರಡು ದಿಂಬು ಕೊಟ್ಟರು. ದಿಂಬುಗಳು ಚೆನ್ನಾಗಿವೆ, ಅದನ್ನು ಹೇಳದೆ ಇರಬಾರದು.

ಅಂದು ರಾತ್ರಿ ಮತ್ತೆ ಅವನಿಗೆ ಫೋನ್ ಮಾಡಿದೆ. ಹಾಗೆ ಒಂದು ವಾರ, ದಿನಾ ರಾತ್ರಿ ಊಟದ ನಂತರ ಅವನು ಪಾಠ ಹೇಳಿದ, ನಾನು ಟಿಪ್ಪಣಿ ಬರೆದುಕೊಂಡೆ. ಅದರಲ್ಲಿ ಕೆಲವನ್ನು ನಿಮಗೂ ಹೇಳುತ್ತೇನೆ. ಮನೆಯಲ್ಲಿ ವಯಸ್ಸಾದವರಿರುವ ನಿಮ್ಮಲ್ಲಿ ಹಲವರು ಇಂದಲ್ಲ ನಾಳೆ ಈ ಅಂಗಡಿಗಳಿಗೆ ಹೋಗುವವರೇ.

ಮರದಿಂದ ಇಳಿಯುವ ರಬ್ಬರ್ ಹಾಲಿನಲ್ಲಿ ಮೂರನೆಯ ಒಂದು ಭಾಗ ಮಾತ್ರ ರಬ್ಬರ್, ಉಳಿದದ್ದು ಬಹುಪಾಲು ನೀರು. ಹೆಪ್ಪುಗಟ್ಟದಂತೆ ಅದಕ್ಕೆ ಅಮೋನಿಯ ಸೇರಿಸಿ, ಬೆಣ್ಣೆ ತೆಗೆಯುವ ಯಂತ್ರದಂತೆ ರಭಸದಿಂದ ತಿರುಗುವ ಯಂತ್ರದಲ್ಲಿ ಹಾಯಿಸಿದರೆ 60 ಭಾಗ ರಬ್ಬರಿರುವ ಗಟ್ಟಿ ಹಾಲು ಬೇರೆಯಾಗುತ್ತದೆ. ಹಾಸಿಗೆಗೆ ಬೇಕಾದದ್ದು ಇದು. ಇದಕ್ಕೆ ಸಾಬೂನು, ಗಂಧಕ, ಸತುವಿನ ಆಕ್ಸೈಡ್ ಮುಂತಾದವನ್ನು ಸೇರಿಸಿ ನೊರೆ ಬರುವಂತೆ ಕಡೆದು, ಅಚ್ಚಿಗೆ ಹೊಯ್ದು, ಹಬೆಯಲ್ಲಿ ಬೇಯಿಸುತ್ತಾರೆ. ಇಡ್ಲಿಯ ವಿಧಾನವೇ ಸರಿ. ಅಚ್ಚಿನಲ್ಲಿ ಬೆರಳುಗಳಂತೆ ಲೋಹದ ಕಡ್ಡಿಗಳಿರುತ್ತವೆ, ಶಾಖ ನಡುವಿಗೂ ತಲುಪಲಿ ಎಂದು. ಹಾಸಿಗೆಯನ್ನು ತೆಗೆದಾಗ ಆ ಕಡ್ಡಿಗಳ ಜಾಗದಲ್ಲಿ ಸಾಲುಸಾಲಾಗಿ ತೂತು ಉಳಿಯುತ್ತದೆ. ಗಾಳಿಯಾಡಲೆಂದೇ ತೂತು ಮಾಡಿದ್ದಾರೆಂದು ಅಂಗಡಿಯವರು ಹೇಳುತ್ತಾರೆ. ಗಾಳಿಯೂ ಆಡುತ್ತದೆ, ಆದರೆ ಹುಟ್ಟಿನ ಕಾರಣ ಬೇರೆ. 1929ರ ಸುಮಾರಿಗೆ ಇಂಗ್ಲೆಂಡಿನ ಡನ್ಲಪ್ ಕಂಪೆನಿಯ ಪ್ರಯೋಗಾಲಯದಲ್ಲಿ ರೂಪುಗೊಂಡ ಈ ಕ್ರಮಕ್ಕೆ ಇಂದಿಗೂ ಡನ್ಲಪ್ ವಿಧಾನವೆಂದೇ ಹೆಸರು. ಟ್ಯಾಲಲೇ ಎಂಬ ಇನ್ನೊಂದು ವಿಧಾನವಿದೆ. ಅದರಲ್ಲಿ ನೊರೆಯನ್ನು ನಿರ್ವಾತದಲ್ಲಿ ಹಿಗ್ಗಿಸಿ, ಹೆಪ್ಪುಗಟ್ಟಿಸಿ, ಆಮೇಲೆ ಬೇಯಿಸುತ್ತಾರೆ. ಹಾಸಿಗೆ ಇನ್ನಷ್ಟು ಹಗುರ, ಬೆಲೆ ಇನ್ನಷ್ಟು ಭಾರ. ನಮಗೆ ಡನ್ಲಪ್ ಸಾಕು ಎಂದ.

'ನ್ಯಾಚುರಲ್' ಎಂಬ ಮಾತಿಗೂ ಅವನು ಎಲ್ಲೆ ಹಾಕಿದ. ಪೆಟ್ರೋಲಿಯಂ ಮೂಲದ ಕೃತಕ ರಬ್ಬರನ್ನೂ ಇದೇ ರೀತಿ ನೊರೆ ಮಾಡಬಹುದು, ಎರಡನ್ನೂ ಬೆರೆಸಬಹುದು. ಆದ್ದರಿಂದ ನೂರಕ್ಕೆ ನೂರು ಲೇಟೆಕ್ಸ್ ಎಂದು ಬರೆದಿದ್ದರೆ ಸಾಲದು, ಅದರಲ್ಲಿ ಮರದ್ದೆಷ್ಟು ಎಂದು ಬರೆದಿರಬೇಕು. ಗಂಧಕವಿಲ್ಲದೆ ಯಾವುದೂ ಹಾಸಿಗೆಯಾಗುವುದಿಲ್ಲ. ರಬ್ಬರನ್ನು ಗಂಧಕದೊಡನೆ ಕಾಯಿಸಿದರೆ ಅದು ಬಿಸಿಗೆ ಅಂಟುವುದಿಲ್ಲ, ಚಳಿಗೆ ಒಡೆಯುವುದಿಲ್ಲವೆಂದು ಗುಡ್‌ಇಯರ್ 1839ರಲ್ಲಿ ಕಂಡುಕೊಂಡದ್ದನ್ನು ನಾನೇ ಅವನಿಗೆ ಪಾಠ ಮಾಡಿದ್ದೆ. ಗೋಲ್ಸ್ ಎಂಬ ಪ್ರಮಾಣಪತ್ರವಿದ್ದರೆ ಹಾಲು ಸಾವಯವ ತೋಟದ್ದೆಂದು ಅರ್ಥ. ಓಕೋಟೆಕ್ಸ್ ಇದ್ದರೆ ಹಾನಿಕರ ಪದಾರ್ಥಗಳಿಗಾಗಿ ಪರೀಕ್ಷಿಸಿದ್ದಾರೆಂದು ಅರ್ಥ; ಅದರಿಂದ ಅದು ಮರದ್ದೆಂದು ತೀರ್ಮಾನವಾಗುವುದಿಲ್ಲ. ರಬ್ಬರ್ ಕೈಗವಸಿನಿಂದ ಮೈ ತುರಿಸುವವರು ಮೊದಲು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಇಷ್ಟೆಲ್ಲ ಅವನು ತೊಡಕಿಲ್ಲದೆ ಹೇಳುತ್ತಿದ್ದಾಗ ನನ್ನ ಮನಸ್ಸಿನಲ್ಲಿ ಬೇರೆ ಒಂದು ಸಂಗತಿ ಚುಚ್ಚುತ್ತಿತ್ತು. ಅದನ್ನು ಬರೆಯದೆ ಈ ಪ್ರಸಂಗ ಪೂರ್ತಿಯಾಗದು.

1964ರಲ್ಲಿ ಭಾರತದ ಪ್ರಧಾನಿ ಶಾಸ್ತ್ರಿಯವರಿಗೂ ಸಿಲೋನಿನ ಪ್ರಧಾನಿ ಸಿರಿಮಾವೋ ಅವರಿಗೂ ಒಂದು ಒಪ್ಪಂದವಾಯಿತು. ಅಲ್ಲಿಯ ಚಹಾ ತೋಟಗಳಲ್ಲಿ ದುಡಿಯುತ್ತಿದ್ದ ತಮಿಳು ಕುಟುಂಬಗಳು ಅದರಂತೆ ಭಾರತಕ್ಕೆ ಮರಳಿದವು. ಅವರಲ್ಲಿ ಕೆಲವರಿಗೆ ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆ ಸಿಕ್ಕಿತು. ಈ ಹುಡುಗನ ಅಜ್ಜ ಹಾಗೆ ಬಂದವರು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ತುಳು. ಮೂರೂ ಅವನಿಗೆ ಸಲೀಸು. ಒಂದೇ ದೋಷವೆಂದರೆ ನಿದ್ದೆ. ಹತ್ತನೆಯ ತರಗತಿಗೆ ಮೊದಲ ಪಿರಿಯಡ್ ನನ್ನದು. ಹಾಜರಿ ಕೂಗಿ ಮುಗಿಯುವಷ್ಟರಲ್ಲಿ ಅವನ ತಲೆ ಡೆಸ್ಕಿಗೆ ತಾಗುತ್ತಿತ್ತು. ನಾನು ಸೀಮೆಸುಣ್ಣ ಎಸೆದಿದ್ದೇನೆ, ಹೊರಗೆ ಕಳಿಸಿದ್ದೇನೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೆ ಎರಡು ಮೂರು ಸಲವಾದರೂ ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. 'ಕುಂಭಕರ್ಣ' ಎಂದು ಕರೆದದ್ದು ನಾನು. ಮಕ್ಕಳು ಅದನ್ನೇ ಹಿಡಿದುಕೊಂಡರು.

ನವೆಂಬರಿನಲ್ಲಿ ರಬ್ಬರಿನ ಪಾಠ ಬಂತು. ಹಾಲನ್ನು ಹೆಪ್ಪುಗಟ್ಟಿಸಲು ಅಸಿಟಿಕ್ ಆಮ್ಲ ಹಾಕುತ್ತಾರೆ ಎಂದೆ. ಕೊನೆಯ ಬೆಂಚಿನಿಂದ, "ಇಲ್ಲಿ ಎಲ್ಲರೂ ಹಾಕೋದು ಫಾರ್ಮಿಕ್ ಟೀಚರ್. ಅದು ಕೈಗೆ ಬಿದ್ರೆ ಇರುವೆ ಕಚ್ಚಿದ ಹಾಗೆ ಉರೀತದೆ" ಎಂಬ ಧ್ವನಿ ಬಂತು. ನೋಡಿದರೆ ಇವನು. ಎಚ್ಚರವಾಗಿದ್ದ. ಪುಸ್ತಕದಲ್ಲಿ ಎರಡೂ ಹೆಸರಿದ್ದವು, ಆದರೆ ಅವನು ಅಂಗೈ ಚಾಚಿ ತೋರಿಸಿದ. ಚರ್ಮ ಅಲ್ಲಲ್ಲಿ ಸುಲಿದಿತ್ತು. ಆ ಮಧ್ಯಾಹ್ನ ಸ್ಟಾಫ್ ರೂಮಿಗೆ ಕರೆದು ವಿಚಾರಿಸಿದೆ. ತಂದೆ ತೀರಿಕೊಂಡು ವರ್ಷವಾಗಿತ್ತು. ತಾಯಿ ಖಾಸಗಿ ತೋಟವೊಂದರಲ್ಲಿ ಟ್ಯಾಪಿಂಗ್ ಮಾಡುತ್ತಿದ್ದಳು. ಬಿಸಿಲೇರಿದರೆ ಹಾಲು ಬೇಗ ನಿಂತುಬಿಡುತ್ತದೆ, ಆದ್ದರಿಂದ ನಾಲ್ಕು ಗಂಟೆಗೆ ಏಳಬೇಕು. ತಾಯಿ ಹಣೆಗೆ ದೀಪ ಕಟ್ಟಿಕೊಂಡು ಮರದಿಂದ ಮರಕ್ಕೆ ಓರೆಯಾಗಿ ತೊಗಟೆ ಕೆತ್ತುತ್ತ ಹೋದರೆ ಇವನು ಹಿಂದೆ ಗೆರಟೆಗಳನ್ನು ಸರಿಮಾಡಿ ಇಡಬೇಕು. ಮುನ್ನೂರು ಮರ. ಮತ್ತೆ ಏಳೂವರೆಗೆ ಹಾಲು ಕೂಡಿಸಿ, ಬಕೆಟ್ ಹೊತ್ತು ಶೆಡ್ಡಿಗೆ ತಲುಪಿಸಿ, ಎರಡು ಮೈಲಿ ನಡೆದು ಶಾಲೆಗೆ.

ನಾನು ಏನು ಮಾಡಿದೆ? ಮೊದಲ ಪಿರಿಯಡ್ಡನ್ನು ಗಣಿತದ ಮೇಷ್ಟರೊಡನೆ ಬದಲಿಸಿಕೊಂಡು ನನ್ನದನ್ನು ನಾಲ್ಕನೆಯದಕ್ಕೆ ಹಾಕಿಸಿಕೊಂಡೆ. ಅಷ್ಟೆ. ಆ ಮೇಷ್ಟರ ತರಗತಿಯಲ್ಲಿ ಅವನು ಮಲಗಿದನೋ ನಿಂತನೋ ನಾನು ಕೇಳಲಿಲ್ಲ. ಕುಂಭಕರ್ಣ ಎಂಬ ಹೆಸರನ್ನು ನಾನು ಬಿಟ್ಟೆ. ಮಕ್ಕಳು ಬಿಡಲಿಲ್ಲ.

ಮೊನ್ನೆ ಆ ಪಾಠಗಳ ನಡುವೆ ಒಂದು ರಾತ್ರಿ ಫೋನಿನಲ್ಲಿ, "ನಿನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆನಲ್ಲ, ನೆನಪಿದೆಯೇನೋ?" ಎಂದು ಕೇಳಿದೆ. ಇಪ್ಪತ್ತೇಳು ಇಪ್ಪತ್ತೆಂಟು ವರ್ಷ ಕೇಳದೆ ಇಟ್ಟುಕೊಂಡ ಪ್ರಶ್ನೆ. ಅವನು ನಕ್ಕ. "ನಿಂತೂ ನಿದ್ದೆ ಮಾಡ್ತಿದ್ದೆ ಟೀಚರ್. ನಿಮಗೆ ಗೊತ್ತಾಗ್ತಿರ್ಲಿಲ್ಲ" ಎಂದ. ನನಗೆ ನಗು ಬರಲಿಲ್ಲ. ತಪ್ಪಾಯಿತು ಎಂದೆ. ಅವನು ಗಡಿಬಿಡಿಯಿಂದ, "ಅದೆಲ್ಲ ಬಿಡಿ ಟೀಚರ್, ಸರ್ ತೂಕ ಎಷ್ಟು, ನಿಮ್ಮದೆಷ್ಟು, ಅದು ಹೇಳಿ" ಎಂದು ಮಾತು ತಿರುಗಿಸಿದ.

ಇವರು 82 ಕಿಲೋ, ನಾನು 51. ಇಬ್ಬರಿಗೂ ಹೊಂದುವಂತೆ ಕೆಳಗೆ ನಾಲ್ಕಿಂಚು ಗಟ್ಟಿ, ಮೇಲೆ ಎರಡಿಂಚು ಮಧ್ಯಮ, ಎರಡೂ ಮರದ ಲೇಟೆಕ್ಸೇ ಇರಲಿ, ಪದರಗಳನ್ನು ಬೇರೆ ಮಾಡಲು ಬರುವಂತಿರಲಿ ಎಂದು ಅವನು ಹೇಳಿದ. ಕೇರಳದಿಂದ ತರಿಸಿದೆವು. ಅವನ ಕಾರ್ಖಾನೆ ಹಾಸಿಗೆ ಮಾಡುವುದಿಲ್ಲ, ಆದ್ದರಿಂದ ಇದರಲ್ಲಿ ಅವನ ಲಾಭವೇನೂ ಇಲ್ಲ. ಯಾರೂ ತಪ್ಪು ತಿಳಿಯಬಾರದೆಂದು ಹೇಳಿದೆ. ಎಲ್ಲ ಸೇರಿ ಮೂವತ್ತೊಂಬತ್ತು ಸಾವಿರ ಆಯಿತು. ನನ್ನ ಎರಡು ಬಳೆ ಮಾಡಿಸುವ ಯೋಚನೆ ಮುಂದಕ್ಕೆ ಹೋಯಿತು.

ಹಾಸಿಗೆ ಬಂದ ದಿನ ಇಬ್ಬರು ಹುಡುಗರು ಹೊತ್ತು, ಮೆಟ್ಟಿಲಲ್ಲಿ ಎರಡು ಕಡೆ ನಿಂತು ದಣಿವಾರಿಸಿಕೊಂಡು ತಂದರು. ಅವರ ಏದುಸಿರು ನನಗೆ ಒಳ್ಳೆಯ ಲಕ್ಷಣವಾಗಿ ಕಂಡಿತು. ಒಬ್ಬನನ್ನು ತೂಕದ ಯಂತ್ರದ ಮೇಲೆ ಹಾಸಿಗೆಯೊಂದಿಗೂ ಹಾಸಿಗೆಯಿಲ್ಲದೆಯೂ ನಿಲ್ಲಿಸಿ ಕಳೆದೆ. ಗವಸು ಸೇರಿ 38 ಕಿಲೋ. ಜಿಪ್ ತೆಗೆದೆ. ಮೇಲೆ ಕೆಳಗೆ ಒಂದೇ ಬೆಣ್ಣೆ ಬಣ್ಣ, ಸಾಲು ತೂತು. ಮುಷ್ಟಿಯಿಂದ ಒತ್ತಿದರೆ ಕೂಡಲೇ ಎದ್ದು ನಿಲ್ಲುತ್ತದೆ. ಅಮ್ಮ ಹತ್ತಿ ಹಿಸುಕುತ್ತಿದ್ದದ್ದು ನೆನಪಾಯಿತು. ವಾಸನೆ ಬಂತು, ಬಹಳ ಮಂದವಾಗಿ. ಸುಳ್ಯದಲ್ಲಿ ಪ್ರತಿ ಬೆಳಿಗ್ಗೆ ಆ ಮಕ್ಕಳ ಅಂಗಿಯಿಂದ ಬರುತ್ತಿದ್ದ ವಾಸನೆಯ ದೂರದ ನೆಂಟ.

ನಮ್ಮ ತೇಗದ ಮಂಚಕ್ಕೆ ಪ್ಲೈವುಡ್ ಹೊದೆಸಿತ್ತು. ಅದರ ಮೇಲೆ ಲೇಟೆಕ್ಸ್ ಹಾಕಿದರೆ ತಳದಲ್ಲಿ ತೇವ ನಿಂತು ಬೂಷ್ಟು ಬರುತ್ತದೆಂದು ಅವನು ಎಚ್ಚರಿಸಿದ್ದ. ಬಡಗಿಯನ್ನು ಕರೆಸಿ ಪ್ಲೈವುಡ್ ತೆಗೆಸಿ ಎರಡೆರಡು ಇಂಚು ಸಂದಿ ಬಿಟ್ಟು ಪಟ್ಟಿ ಹೊಡೆಸಿದೆ. ನನಗೆ ಒಗ್ಗಲು ಕಷ್ಟವಾದ ವಿಧಿ ಇನ್ನೊಂದು: ಇದನ್ನು ಬಿಸಿಲಿಗೆ ಹಾಕಬಾರದು. ಬಿಸಿಲಿಗೆ ರಬ್ಬರ್ ಹಳದಿಯಾಗಿ, ಹೆಚ್ಚಾದರೆ ಪುಡಿಯಾಗಿ ಉದುರುತ್ತದೆ. ಹಾಸಿಗೆಯೆಂದರೆ ಬಿಸಿಲಿಗೆ ಹಾಕುವ ವಸ್ತು ಎಂದು ನಂಬಿ ಬಾಳಿದವಳಿಗೆ ನೆರಳಲ್ಲಿ ಗಾಳಿಗಿಡು ಎಂದರೆ ಏನೋ ಕೆಲಸ ಅರ್ಧಕ್ಕೆ ಬಿಟ್ಟಂತೆ ಅನಿಸುತ್ತದೆ. ಅಮ್ಮನ ಹಾಸಿಗೆಯನ್ನು ಬಿಚ್ಚಿ ಯಂತ್ರದಲ್ಲಿ ಹಿಂಜಿಸಿ, ಮೊಮ್ಮಗಳು ಬಂದಾಗ ಮಲಗಲು ಎರಡು ಚಿಕ್ಕ ಹಾಸಿಗೆ ಮಾಡಿಸಿದೆ. ತಾರಸಿಗೆ ಹಾಕಲು ಅವು ಇವೆ.

ಇವರ ಸೊಂಟ ಒಂದೇ ರಾತ್ರಿಗೆ ನೆಟ್ಟಗಾಯಿತೆಂದು ಬರೆದರೆ ಜಾಹೀರಾತಾದೀತು. ಮೊದಲ ವಾರ ಹೊಸ ಜಾಗವೆಂದು ಗೊಣಗಿದರು. ಮೂರನೆಯ ವಾರದಿಂದ ಮಗ್ಗುಲು ಬದಲಿಸುವಾಗ ಹಲ್ಲು ಕಚ್ಚುವ ಸದ್ದು ಕಡಿಮೆಯಾಯಿತು. ವೈದ್ಯರು ಹೇಳಿದ ವ್ಯಾಯಾಮದ ಪಾಲೂ ಇರಬಹುದು. ಈಗ ಯಾರ ಕೈಯನ್ನೂ ಹಿಡಿಯದೆ ಏಳುತ್ತಾರೆ, ದೇವರ ಹೆಸರನ್ನು ಮಾತ್ರ ಅಭ್ಯಾಸಬಲದಿಂದ ಹಿಡಿಯುತ್ತಾರೆ.

ಒಳ್ಳೆಯ ಮರವೊಂದು ವರ್ಷಕ್ಕೆ ಮೂರು ನಾಲ್ಕು ಕಿಲೋ ಒಣ ರಬ್ಬರ್ ಕೊಡುತ್ತದಂತೆ. ಹಾಗಾದರೆ ನಮ್ಮ ಕೆಳಗಿರುವುದು ಹತ್ತು ಹನ್ನೊಂದು ಮರಗಳ ಒಂದು ವರ್ಷದ ಹಾಲು. ಈ ಲೆಕ್ಕ ಮಾಡಿದ ರಾತ್ರಿ ನನಗೆ ನಾಲ್ಕು ಗಂಟೆಗೇ ಎಚ್ಚರವಾಯಿತು. ಇವರು ಮಗುವಿನಂತೆ ಮಲಗಿದ್ದರು. ಬೆಳಕು ಹರಿಯುವವರೆಗೆ ಕಾದು ಆರೂವರೆಗೆ ಸುಳ್ಯಕ್ಕೆ ಫೋನ್ ಮಾಡಿದೆ. ಭಾನುವಾರ, ಅವನು ರಜೆಯಲ್ಲಿ ಊರಿಗೆ ಬಂದಿದ್ದ. ಫೋನ್ ಎತ್ತಿದ್ದು ಅವನ ತಾಯಿ. ಇಷ್ಟು ಬೇಗ ಎಬ್ಬಿಸಿದೆನೇನಮ್ಮ ಎಂದೆ. "ಇಲ್ಲ ಟೀಚರ್, ನಾನು ನಾಲ್ಕಕ್ಕೆ ಎದ್ದಾಯ್ತು. ಕೆಲಸ ಬಿಟ್ಟು ಎಂಟು ವರ್ಷ ಆಯ್ತು, ಆದ್ರೂ ಎಚ್ಚರ ಆಗಿಬಿಡ್ತದೆ" ಎಂದಳು. ಮಗ ಇಂಥದೇ ಹಾಸಿಗೆ ತಂದುಕೊಟ್ಟಿದ್ದಾನಂತಲ್ಲ ಎಂದು ಕೇಳಿದೆ.

"ತಂದಿದ್ದಾನೆ. ಅದರಲ್ಲಿ ಮೊಮ್ಮಗ ಮಲಗ್ತಾನೆ. ನನಗೆ ಚಾಪೆಯೇ ಸಾಕು. ಅದರ ಮೇಲೆ ತಲೆ ಇಟ್ರೆ ಹಾಲಿನ ವಾಸನೆ ಬರ್ತದೆ ಟೀಚರ್, ಹೊತ್ತಾಯ್ತು, ಏಳಬೇಕು ಅನಿಸ್ತದೆ" ಎಂದು ಹೇಳಿ ಫೋನನ್ನು ಮಗನ ಕೈಗೆ ಕೊಟ್ಟಳು.